ಹದಿನೇಳನೇ ಕಲ್ಲು

ಸಿರವಾರದಾಗ ಹತ್ತಿ ಮಿಲ್ಲಿನ ಗ್ವಾಡಿ ಮುಗಿದಲ್ಲೇ
ಈ ರಸ್ತೆ ಸುರು.
ಸೊನ್ನೆ ಅಂತ ಬರೆದ ಕಲ್ಲಿನ ಮ್ಯಾಲ
ಪಂಚರಿನ ಮಹಿಬೂಬ ಟ್ಯೂಬು ಒಣಗಿಸತಾನ.
ಅಲ್ಲಿಂದ ಮುಂದ ಬರೇ ಎರಿ.
ಕಣ್ಣು ಎಷ್ಟು ದೂರ ನಡದರೂ
ಆನಿಕೊಂಡು ನಿಲ್ಲಲಿಕ್ಕ ಒಂದು ಗುಡ್ಡ ಸಿಗೂದಿಲ್ಲ.

ಇಪ್ಪತ್ತೊಂಬತ್ತು ವರ್ಷ ಗ್ಯಾಂಗಿನಾಗ ದುಡದೀನಿ.
ಜಾಲಿ ಕಡದೀನಿ, ಕುಣಿ ಮುಚ್ಚೀನಿ,
ಕಲ್ಲಿನ ನೆತ್ತಿಗೆ ಬಣ್ಣ ಬಳದೀನಿ.
ನಕ್ಷೆ ನೋಡಿದವರು ಇದನ್ನ ಗೆರಿ ಅಂತಾರ.
ಬ್ಯಾಸಗಿಯಾಗ ಬಂದು ನೋಡಬೇಕು ಅವರು:
ಎರಿ ಬಾಯಿ ಬಿಟ್ಟರ ಡಾಂಬರೂ ಬಾಯಿ ಬಿಡತದ,
ಮಳಿಗಿ ಎರಿ ಉಬ್ಬಿದರ
ರಸ್ತೆನೂ ಹಪ್ಪಳದಂಗ ಏಳತದ.
ಮಣ್ಣಿನ ಮಾತು ಕೇಳತದ ಇದು,
ಇಂಜಿನಿಯರ ಸಾಹೇಬರದಲ್ಲ.

ಮೂರಕ್ಕ ಕಾಲುವಿ.
ಈಚೆ ದಂಡ್ಯಾಗ ಭತ್ತ, ಆಚೆ ದಂಡ್ಯಾಗ ಬಿಳಿಜ್ವಾಳ.
ಐದಕ್ಕ ಕ್ಯಾಂಪು,
ತೆಲುಗಿನಾಗ ಬೈದು ಕನ್ನಡದಾಗ ಲೆಕ್ಕ ಮಾಡತಾರ.
ಒಂಬತ್ತಕ್ಕ ಹಳ್ಳ.
ನೀರು ಕೆಂಪು ಗೀಟು ಮುಟ್ಟಿದರ ಬಸ್ಸು ನಿಲ್ಲಬೇಕು.
ಹಂಗ ನಿಂತ ಬಸ್ಸಿನಾಗ ಒಮ್ಮೆ
ಇಬ್ಬರು ಬೀಗರು ಹತ್ತು ವರ್ಷದ ಜಗಳ ಬಿಟ್ಟು
ಒಂದೇ ಬುತ್ತಿ ಬಿಚ್ಚಿ ಉಂಡರು.
ನೀರು ಇಳದ ಮ್ಯಾಲ ಮತ್ತ ಸುರು ಹಚ್ಚಿಕೊಂಡರು.

ಹನ್ನೆರಡು, ಹದಿಮೂರು, ಹದಿನಾಕು: ಏನೂ ಇಲ್ಲ.
ಏನೂ ಇಲ್ಲಂದರ
ಕಡ್ಲಿ, ಕುಸುಬಿ, ಗುಂಯ್‌ಗುಡೋ ಟ್ರಾನ್ಸ್‌ಫಾರ್ಮರು,
ಲಾರಿಯಿಂದ ಹಾರಿ ಜಾಲಿಮುಳ್ಳಿಗೆ ಸಿಕ್ಕ ಹತ್ತಿ.
ಎದುರಿನ ಗಾಡಿ ಕಂಡಾಗ ಬೀಡಿ ಹಚ್ಚಿದರ
ಬೀಡಿ ಮುಗೀತದ,
ಗಾಡಿ ಇನ್ನಾ ಅಲ್ಲೇ, ಬಿಸಲಾಗ ತೇಲತಿರತದ.

ಹದಿನಾರರ ಮುಂದ ಒಂದು ಡೊಂಕಿತ್ತು.
ಇಷ್ಟು ಸಪಾಟ ನೆಲದಾಗ ಡೊಂಕು ಯಾಕ?
ಗೌಡರ ಹೊಲ ತಪ್ಪಿಸಲಿಕ್ಕ ಅಂತ ಒಬ್ಬರು,
ಹಾಳು ಬಾವಿಗಿ ಅಂಜಿ ಅಂತ ಒಬ್ಬರು,
ಮೊದಲು ಬಂದ ಬಂಡಿ ಎತ್ತು ಹೆಂಗ ತಿರುಗಿದವೋ
ಹಂಗ ಅಂತಿದ್ದ ನಮ್ಮಪ್ಪ.
ಡೊಂಕಿನ ಹೊಟ್ಟಿಯೊಳಗ ಹನ್ನೊಂದು ಮನಿ.
ಹೆಸರಿಡೋ ಪುರಸತ್ತು ಯಾರಿಗೂ ಇರಲಿಲ್ಲ,
ಕಲ್ಲು ನೋಡಿ ಹದಿನೇಳು ಅಂದರು,
ಅದೇ ಊರಾತು.

ಆಮ್ಯಾಲ ರಸ್ತೆಗೆ ಬಡ್ತಿ ಬಂತು.
(ನನಗ ಬರಲಿಲ್ಲ.)
ಜಿಲ್ಲಾ ರಸ್ತೆ ರಾಜ್ಯ ಹೆದ್ದಾರಿ ಆತು,
ಕಲ್ಲಿಗೆಲ್ಲ ಹಸಿರು ಟೊಪಗಿ.
ಡೊಂಕು ತೆಗದು ನೆಟ್ಟಗ ಮಾಡಿದರು,
ಟೇಪು ಹಿಡದು ಮತ್ತ ಅಳದರು,
ಒಂದು ಕಿಲೋಮೀಟರು ಇಲ್ಲ.
ಎಲ್ಲಿ ಹೋತು ಅಂತ ಯಾರೂ ಹುಡುಕಲಿಲ್ಲ.
ಹದಿನೆಂಟು ಅಳಿಸಿ ಹದಿನೇಳು ಬರದೆ,
ಹತ್ತೊಂಬತ್ತು ಅಳಿಸಿ ಹದಿನೆಂಟು,
ಕವಿತಾಳದ ದಾರಿಗುಂಟ
ಒಂದೊಂದೇ ಕಳಕೊಂತ ಹೋದೆ.

ಈಗ ಬಸ್ಸಿನಾಗ ಹದಿನೇಳು ಅಂದರ
ಕಂಡಕ್ಟರ ಕೇಳತಾನ: ಯಾವುದು?
ಹಳೇದಪ್ಪೋ, ಅಂತಾರ,
ಹೊಸದು ಯಾರಿಗಿ ಬೇಕು, ಅಲ್ಲೇನದ?

ಹಳೇ ಕಲ್ಲು ಕೀಳಲಿಕ್ಕ ಹಾರಿ ಹಿಡಕೊಂಡು ಹೋದಾಗ
ಹೊನ್ನೂರಮ್ಮ ಕಟ್ಟಿಗಿ ಹೊರಿ ಇಳಿಸಿ ನಿಂತಳು:
ಕಿತ್ತರ ಕೀಳು ಹುಸೇನಪ್ಪ,
ರೇಷನ್ ಕಾರ್ಡಿನಾಗ ಊರು ಯಾವುದಂತ ಬರೀಬೇಕು,
ಅದನ್ನೊಂದು ಹೇಳಿ ಹೋಗು.
ಹಾರಿ ಹೆಗಲಿಗಿ ಹಾಕ್ಕೊಂಡು ವಾಪಸ್ ಬಂದೆ.
ಕಡತದಾಗ 'ತೆರವುಗೊಳಿಸಲಾಗಿದೆ' ಅಂತದ,
ಕೆಳಗ ನನ್ನದೇ ಸಹಿ.

ವರ್ಷಕ್ಕೊಮ್ಮೆ ಬಣ್ಣದ ಕೆಲಸ ಮುಗಿದ ಮ್ಯಾಲ
ಡಬ್ಬಿ ತಳದಾಗಿನದು ಸೈಕಲ್ಲಿಗಿ ಕಟ್ಟಿ
ಡೊಂಕು ಹಿಡದು ಹೋಗತೀನಿ.
ಡಾಂಬರು ಎದ್ದು ಹೋಗಿ ಹತ್ತಿಗಿಡ ಅಂಚಿಗಿ ಬಂದಾವ.
ಈ ಸಲ ಹಸಿರು ಸಾಲಲಿಲ್ಲ,
ಅರ್ಧ ನೆತ್ತಿ ಹಸಿರು, ಅರ್ಧ ಯಾವುದೋ ಹಳದಿ.
ಕುರಿ ಕಾಯೋ ಹುಡುಗ ನೋಡಿಕೊಂತ ನಿಂತಿದ್ದ.
ಕಾಕಾ, ಎಲ್ಲಿಂದ ಹದಿನೇಳು ಇದು?
ಸಿರವಾರದಿಂದ.
ಈಗರ?
ಅಳದಿಲ್ಲ, ಅಂದೆ.
ಏಳರ ಡೊಂಕು ಮಾಸಿತ್ತು.
ಅದಷ್ಟನ್ನ ಎರಡೆರಡು ಸಲ ತಿದ್ದಿದೆ.